ರೆಮೀಹಿಯಾಳ ಜಡೆ

ನಮ್ಮ ಮೊಂತೋರೊ ಊರಿನಲ್ಲಿ ಮದುವೆ ಗೊತ್ತಾದರೆ ಮೊದಲು ಪಾದ್ರಿಗೆ ಹೇಳುತ್ತಾರೋ ರೆಮೀಹಿಯಾಳಿಗೆ ಹೇಳುತ್ತಾರೋ, ನನಗಂತೂ ಅನುಮಾನ. ಮದುಮಗನನ್ನು ಚರ್ಚಿನೊಳಗೆ ಕರೆದೊಯ್ಯುವವಳು ಅವನ ತಾಯಿ. ಆ ತಾಯಿಯ ತುರುಬಿಗೆ ಎತ್ತರದ ಬಾಚಣಿಗೆ ಸಿಕ್ಕಿಸಿ, ಮೇಲೆ ಕಪ್ಪು ಲೇಸಿನ ಮುಸುಕು ಇಳಿಬಿಡುವುದು ರೆಮೀಹಿಯಾಳ ಕೆಲಸ. ಮದುವೆಯಾಗದ ಹೆಂಗಸು, ಬಾಯಿ ಜೋರು. ತುಟಿಯಲ್ಲಿ ಪಿನ್ನು ಕಚ್ಚಿಕೊಂಡೇ ಬೈಯಬಲ್ಲಳು. ಆದರೆ ಅವಳು ತೊಡಿಸಿದ ಮುಸುಕು ಬೆಳಗಿನವರೆಗೆ ಕುಣಿದರೂ ಅಲುಗುತ್ತಿರಲಿಲ್ಲ. ಸೊಂಟ ದಾಟುವ ಅವಳ ಜಡೆ ಕಂಡರೆ ಹರೆಯದ ಹುಡುಗಿಯರ ಹೊಟ್ಟೆ ಉರಿಯುತ್ತಿತ್ತು. ಅವಳಿಗೂ ಅದರ ಜಂಬ ಇತ್ತು, ಇರಲಿ ಬಿಡಿ.

ಅವಳ ಪಕ್ಕದ ಮನೆಯ ಫ್ಯುಯೆನ್ಸಾಂತಾ ಕೊರ್ದೊಬಾದ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಬಂದ ಸ್ವಲ್ಪ ದಿನಕ್ಕೇ ಅವಳ ಮಗ ಲಿಯಾಂದ್ರೊನ ಮದುವೆ. ಫ್ಯುಯೆನ್ಸಾಂತಾಳ ತಲೆಯಲ್ಲಿ ಒಂದೂ ಕೂದಲಿಲ್ಲ. ಅವತ್ತು ಬೆಳಿಗ್ಗೆ ರೆಮೀಹಿಯಾ ವಿಗ್ಗು ಇಟ್ಟು ನೋಡಿದಳು, ಬಾಚಣಿಗೆ ಜಾರಿತು. ಉಣ್ಣೆ ಸುತ್ತಿ ತುರುಬು ಮಾಡಿದಳು, ವಾಲಿತು.

"ಸಾಕು ಬಿಡೇ. ನನ್ನ ತಂಗಿನೇ ಅವನ್ನ ಕರ್ಕೊಂಡು ಹೋಗ್ಲಿ. ನಾನು ಹಿಂದೆ ಎಲ್ಲಾದ್ರೂ ಕೂತ್ಕೋತೀನಿ," ಎಂದು ಫ್ಯುಯೆನ್ಸಾಂತಾ ಕನ್ನಡಿಗೆ ಬೆನ್ನು ಹಾಕಿದಳು.

"ಹೆತ್ತೋಳು ನೀನು, ಕರ್ಕೊಂಡು ಹೋಗೋಳು ಅವಳಾ? ಬಾಯಿಗೆ ಬಂದಂಗೆ ಮಾತಾಡ್ಬೇಡ!"

"ಮತ್ತೆ ಬೋಳು ತಲೇಲಿ ಹೋಗ್ಲಾ? ಜನ ಮದುವೆ ನೋಡ್ತಾರಾ, ನನ್ನ ನೋಡ್ತಾರಾ?"

ರೆಮೀಹಿಯಾ ಕತ್ತರಿ ಎತ್ತಿಕೊಂಡು, ತನ್ನ ಜಡೆಯನ್ನು ಕುತ್ತಿಗೆಯ ಹತ್ತಿರ ಹಿಡಿದು ಕತ್ತರಿಸತೊಡಗಿದಳು. ದಪ್ಪ ಜಡೆ, ಸುಲಭಕ್ಕೆ ಬರಲಿಲ್ಲ.

"ಅಯ್ಯೋ ಹುಚ್ಚಿ! ಏನೇ ಮಾಡ್ಕೊಂಡೆ?"

"ಬೆಳೆಯುತ್ತೆ ಬಿಡು. ಅಳ್ಬೇಡ, ಮೂಗು ಕೆಂಪಗಾಗುತ್ತೆ."

ಬಿಗಿಯಾದ ಕಪ್ಪು ಬಟ್ಟೆಯ ಟೊಪ್ಪಿಗೆಗೆ ಆ ಜಡೆಯನ್ನು ಸುರುಳಿ ಸುತ್ತಿ ಹೊಲಿದಳು. ಬಾಚಣಿಗೆ ಅದರಲ್ಲಿ ಕಚ್ಚಿಕೊಂಡು ನಿಂತಿತು. ಮುಸುಕು ಇಳಿಬಿಟ್ಟ ಮೇಲೆ ಫ್ಯುಯೆನ್ಸಾಂತಾ ಕನ್ನಡಿಯ ಕಡೆ ತಿರುಗಿ ಬಹಳ ಹೊತ್ತು ನೋಡಿಕೊಂಡಳು. ಎಂಥ ಹೆಂಗಸಪ್ಪಾ ಈ ರೆಮೀಹಿಯಾ!

ಚರ್ಚಿನ ಬಾಗಿಲಲ್ಲಿ ಕಾಯುತ್ತಿದ್ದ ಲಿಯಾಂದ್ರೊ, ತಲೆಗೆ ಬಟ್ಟೆ ಕಟ್ಟಿಕೊಂಡು ಅಮ್ಮನ ಜೊತೆ ಬಂದ ರೆಮೀಹಿಯಾಳನ್ನು ಕಂಡು ಗಾಬರಿಯಾದ.

"ಅತ್ತೆ, ಜಡೆ ಎಲ್ಲಿ?"

"ನಿಮ್ಮಮ್ಮನ ತಲೆ ಮೇಲೆ. ಬಾಯಿ ಮುಚ್ಕೊಂಡು ಒಳಗೆ ನಡಿ."

ಅವನು ಅಮ್ಮನ ಕಡೆ ನೋಡಿದ. ಕಣ್ಣು ತುಂಬಿತು. ಪಾಪ, ಸೋತು ಬಡಕಲಾದ ತಾಯಿ ಮಗನ ತೋಳಿಗೆ ಆತುಕೊಂಡೇ ನಡೆಯಬೇಕಾದೀತು ಎಂದು ಊರವರೆಲ್ಲ ಎಣಿಸಿದ್ದರು. ಆದರೆ ಕಾಲು ತಡವರಿಸಿದ್ದು ಮಗನದು. ಫ್ಯುಯೆನ್ಸಾಂತಾ ಅವನ ತೋಳನ್ನು ಗಟ್ಟಿಯಾಗಿ ಹಿಡಿದು, ತಲೆಯೆತ್ತಿ, ಬಲಿಪೀಠದವರೆಗೂ ನಡೆಸಿಕೊಂಡು ಹೋದಳು.