ತೆರೆಯುವ ಮುನ್ನ ಒಂದು ಫೋನು

ಹಲಸೂರಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಈಮೇಲಿನಲ್ಲಿ ಬಂದ ಫೈಲನ್ನು ತಕ್ಷಣ ತೆರೆಯುತ್ತಿರಲಿಲ್ಲ. ಆಗ ಫೋನಿಗೂ ಇಂಟರ್‌ನೆಟ್ಟಿಗೂ ಒಂದೇ ಲೈನು. ನೆಟ್ ಕಡಿದು, ಕಳಿಸಿದವರಿಗೆ ಫೋನು ಮಾಡಿ, “ನೀನೇ ಕಳಿಸಿದ್ದೇನಪ್ಪಾ?” ಎಂದು ಕೇಳುತ್ತಿದ್ದರು. ನನಗೆ ನಗು ಬರುತ್ತಿತ್ತು.

ನನಗೆ ಸ್ವಂತ ಕಂಪ್ಯೂಟರಿರಲಿಲ್ಲ; ನನ್ನ ಪಿಎಚ್.ಡಿ. ಪ್ರಬಂಧ ಅವರ ಕಂಪ್ಯೂಟರಿನಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ಒಂದು ಮಧ್ಯಾಹ್ನ ಗೆಳೆಯನ ಹೆಸರಿನಲ್ಲಿ ಫೈಲು ಬಂತು. ತೆರೆಯಲು ಹೋದೆ.

“ತಾಳಿ ಡಾಕ್ಟ್ರೇ, ಏನವಸರ?” ಎಂದು ಆಂಟಿ ಮೌಸ್ ಕಸಿದುಕೊಂಡರೋ, ಕೈಗೇ ಹೊಡೆದರೋ, ಈಗ ಖಚಿತವಿಲ್ಲ. ಫೋನು ಮಾಡಿದರು.

ಗೆಳೆಯ ಕಿರುಚಿದ್ದು ನನಗೂ ಕೇಳಿಸಿತು: “ಮುಟ್ಬೇಡಿ ಆಂಟಿ! ವೈರಸ್ಸು! ನನ್ ಫೈಲೆಲ್ಲಾ ಹೋಯ್ತು!”

ಆಂಟಿ ಮೇಲ್ ಅಳಿಸಿದರು. ಪ್ರಬಂಧವನ್ನು ಫ್ಲಾಪಿಗೂ ಹಾಕಿಕೊಟ್ಟರು. ಅದನ್ನು ಹಿಡಿದು ಪಕ್ಕದಲ್ಲೇ ಇದ್ದ ನಮ್ಮ ಮನೆಗೆ ಹೊರಟೆ; ನಾನು ಅಷ್ಟು ಜೋಪಾನವಾಗಿ ಎಂದೂ ನಡೆದಿರಲಿಲ್ಲ.