ಪಂಚವಟಿಯ ಗಲ್ಲಾದಲ್ಲಿ ಕೂರುವ ಪಾತ್ರ

ಗೆಳೆಯರೇ, ಆಡಿಷನ್ ಮುಗಿಸಿ ಈಗಷ್ಟೇ ಸಂಭಾಜಿನಗರದಿಂದ ನಾಸಿಕ್ ಬಸ್ ಹತ್ತಿದ್ದೇನೆ. ವೆಬ್ ಸೀರೀಸೊಂದರಲ್ಲಿ ಉಡುಪಿ ಹೋಟೆಲ್ ಮಾಲೀಕನ ಪಾತ್ರ. ನಾಸಿಕ್‌ನ ಪಂಚವಟಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಅಪ್ಪ ಕೂರುವಂತೆಯೇ ಆಡಿಷನ್‌ನಲ್ಲೂ ಕೂತೆ. ಹಿರಿಯ ಗಿರಾಕಿ ಬಂದಾಗ ಅರ್ಧ ಎದ್ದು, "ಯಾ ಕಾಕಾ, ಬಸಾ", ಬನ್ನಿ ಕಾಕಾ, ಕೂತ್ಕೊಳ್ಳಿ ಎಂದು ಅಪ್ಪನ ಮರಾಠಿಯಲ್ಲೇ ಕರೆದೆ.

ನಿರ್ದೇಶಕರೂ ಕನ್ನಡದವರೇ, ವಿಜಯಪುರದಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರ ಮಗ.

"ಛಲೋ ಮಾಡಿದ್ರಿ. ಆದ್ರ ಸೌತ್‌ನವರ ಹಂಗ ಅನಸ್ಲಿಲ್ಲರಿ. ಹಣೀಗೆ ವಿಭೂತಿ, ಬಾಯಾಗ ಅಯ್ಯಯ್ಯೋ ಇರಬೇಕ್ರಿ" ಎಂದರು.

"ನಮ್ಮಪ್ಪ ಹಾಗೆ ಮಾತಾಡೂದಿಲ್ಲ ಸರ್" ಎಂದೆ.

"ನಿಮ್ಮಪ್ಪಾರನ್ನ ಜನಾ ನೋಡಿಲ್ಲಲ್ಲರಿ!"

ಪಾತ್ರ ಪುಣೆಯ ನಟನೊಬ್ಬನಿಗೆ ಹೋಯಿತು. ಅವನಿಗೆ ಆ ಧಾಟಿಯ ಮಾತು ಕಲಿಸುವ ಕೆಲಸ ನನಗೆ ಬಂತು. ನಟನೆ, ಡಬ್ಬಿಂಗ್, ಎಡಿಟಿಂಗ್ ಎಂದು ಸಿಕ್ಕಿದ್ದನ್ನೆಲ್ಲ ಹಿಡಿದೇ ಈ ಕ್ಷೇತ್ರದಲ್ಲಿ ಉಳಿದವನು ನಾನು. ಇದಕ್ಕೂ ಹೂಂ ಎಂದೆ.

ಬಸ್ಸಿನಲ್ಲಿ ಅಪ್ಪನ ಫೋನ್ ಬಂತು. "ಎಂತಾಯ್ತು ಮಗಾ?"

"ಕೆಲಸ ಸಿಕ್ತು ಅಪ್ಪ."

ಮುಂದಿನದನ್ನು ಹೇಳುವಷ್ಟರಲ್ಲಿ ಅವರು ಎದುರಿದ್ದ ಗಿರಾಕಿಗೆ ಮರಾಠಿಯಲ್ಲಿ ಹೇಳುತ್ತಿದ್ದುದು ಕೇಳಿಸಿತು: ಮಗ ಟಿವಿಯಲ್ಲಿ ನನ್ನ ಹಾಗೇ ಗಲ್ಲಾದಲ್ಲಿ ಕೂರುತ್ತಾನಂತೆ, ಶಿರಾ ತಗೊಳ್ಳಿ, ಇವತ್ತು ನನ್ನ ಲೆಕ್ಕ.

ಸೋಮವಾರದಿಂದ ಪಾಠ ಶುರು. ಆ ಅಯ್ಯಯ್ಯೋವನ್ನು ಮೊದಲು ನಾನು ಯಾರ ಹತ್ತಿರ ಕಲಿಯಲಿ, ಹೇಳಿ.