ಕಂಬಳಿಭಾವನ ಹೆಸರು

ನಮ್ಮ ಚಿಕ್ಕಪ್ಪ ಗುಂಡಯ್ಯನಿಗೂ ದೇವರು ಎಲ್ಲರ ಹಾಗೆ ಎರಡು ಕಣ್ಣು ಕೊಟ್ಟಿದ್ದ. ಆದರೆ ಆ ಎರಡೂ ಸದಾ ಪಕ್ಕದವರ ತಟ್ಟೆಯ ಮೇಲೇ ಇರುತ್ತಿದ್ದವು. ಅಣ್ಣನ ಮುದ್ದೆ ತನ್ನದಕ್ಕಿಂತ ದಪ್ಪಗಿದೆ ಎಂದು ಉಂಡ ಮೇಲೂ ಮುನಿಸಿಕೊಳ್ಳುವ ಜಾತಿ ಅವನದು. ಅವನು ಹಸುಗೂಸಾಗಿದ್ದಾಗ ಆಚೆ ಮನೆ ಮಗು ಅತ್ತರೆ ತಾನೂ ಅಳುತ್ತಿದ್ದನಂತೆ. ಅದರ ಗಂಟಲು ತನಗಿಂತ ಜೋರಾಗಿದೆಯಲ್ಲ ಎಂಬ ಹೊಟ್ಟೆಕಿಚ್ಚಿಗೆ ಎಂದು ನಮ್ಮಜ್ಜಿ ನಗುತ್ತಿದ್ದಳು. ನಾನು ನಗುವುದಿಲ್ಲ. ಅವನ ಹೊಟ್ಟೆಕಿಚ್ಚಿನಿಂದ ನಮ್ಮ ಚಿಕ್ಕಮ್ಮ ಏನು ಪಟ್ಟಳೆಂದು ನನಗೆ ಗೊತ್ತು.

ಹೊಳೆನರಸೀಪುರದ ಹತ್ತಿರ, ಹೇಮಾವತಿ ದಂಡೆಯ ಊರು ನಮ್ಮದು. ಚಿಕ್ಕಪ್ಪ ಅಚ್ಚುಬೆಲ್ಲ, ಕೊಬ್ಬರಿಯ ಗಂಟುಗಳನ್ನು ಬೆನ್ನ ಮೇಲೆ ಹೊತ್ತು, ಬಸ್ಸು ಹೋಗದ ಊರುಗಳಲ್ಲಿ ಮನೆಮನೆಗೆ ಮಾರುತ್ತಿದ್ದ. ಕತ್ತಲಾದ ಕಡೆ ಚಾವಡಿಯೋ ಮಂಟಪವೋ ಮರದ ಬುಡವೋ, ಅಲ್ಲೇ ಮಲಗುವುದು. ದುಡಿಮೆಗೆ ಮಾತ್ರ ಹಿಂದೆಗೆದವನಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಅವನ ಕೈ ಹಿಡಿದ ಮಲ್ಲಿಗಮ್ಮ ನಮ್ಮ ಕಡೆಯವಳಲ್ಲ. ಚನ್ನರಾಯಪಟ್ಟಣ ದಾಟಿ ಉತ್ತರಕ್ಕೆ ಹೋದರೆ ಬರಿಯ ಬಂಡೆಗುಡ್ಡಗಳು ಸಿಗುತ್ತವೆ. ಅಂಥದೊಂದು ಗುಡ್ಡದ ಬುಡದ ಊರು ಅವಳ ತವರು. ಅಲ್ಲಿ ಅವಳ ಸೋದರತ್ತೆಯ ಮಗ ಕೆಂಚಯ್ಯ ಎಂಬವನಿದ್ದ. ಕಂಬಳಿ ನೇಯುವವನು, ಬಿಸಿಲಿರಲಿ ಮಳೆಯಿರಲಿ ಹೆಗಲ ಮೇಲೆ ಒಂದು ಕರಿಕಂಬಳಿ ಇದ್ದೇ ಇರುತ್ತಿತ್ತು. ಮಲ್ಲಿಗಮ್ಮನನ್ನು ಅವನಿಗೇ ಕೊಡುವುದೆಂದು ಮಾತಾಗಿ, ಆಮೇಲೆ ಹೊಳೆ ಬಯಲಿನ ಗದ್ದೆ ನೋಡಿ ಅವಳಪ್ಪ ನಮ್ಮ ಮನೆಗೆ ಕೊಟ್ಟಿದ್ದ. ಮದುವೆಯಲ್ಲಿ ಯಾರೋ ಪುಣ್ಯಾತ್ಮರು ಇದನ್ನು ಚಿಕ್ಕಪ್ಪನ ಕಿವಿಗೆ ಹಾಕಿದರು. ಮುಗಿಯಿತು. ಮೆದೆಗೆ ಬೆಂಕಿ ಬೀಳಲು ಕಿಡಿಯೊಂದು ಸಾಕು.

ಹೊಸ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಹೋದರೆ ಯಾರು ನೋಡುತ್ತಾರೋ, ಯಾರು ಮಾತಾಡಿಸುತ್ತಾರೋ ಎಂಬ ಸಂಕಟ ಅವನಿಗೆ. ಅದಕ್ಕೇ ಅವಳ ಬೆನ್ನಿಗೂ ಒಂದು ಗಂಟು ಹೊರಿಸಿ ಜೊತೆಗೆ ಕರೆದುಕೊಂಡು ಹೊರಟ. ಕನ್ನಡದ ಊರುಗಳೆಲ್ಲ ಒಂದು ರಾಜ್ಯಕ್ಕೆ ಸೇರಿದ ವರ್ಷ ಅದು. ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು, ಊರೂರು ತಿರುಗುತ್ತಾ, ಒಂದು ಸಂಜೆ ಅವಳ ತವರಿನ ಗುಡ್ಡದ ಹತ್ತಿರವೇ ಬಂದರು. ಊರಿನ ಹೊಗೆ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ದೂರ.

"ಅವ್ವನ ಮನೆ ಅಲ್ಲೇ ಐತೆ. ಓಗಿ ಉಂಡು ಮನಿಕ್ಕಂಡು ಬೆಳಗ್ಗೆ ಎದ್ದೋಗಾನ," ಎಂದಳು ಚಿಕ್ಕಮ್ಮ.

"ಯಾರ್ನ ನೋಡಕ್ಕೆ ಅಷ್ಟು ಆತ್ರ? ಮಂಟಪ ಐತಲ್ಲ, ಇಲ್ಲೇ ಮನಿಕ್ಕಳದು."

ತವರಿನ ಬಾಗಿಲು ಕಾಣುತ್ತಿದ್ದರೂ ಒಳಗೆ ಹೋಗುವಂತಿಲ್ಲ. ಚಿಕ್ಕಮ್ಮ ಮಂಟಪದ ಸುತ್ತ ಒಮ್ಮೆ ಕಣ್ಣಾಡಿಸಿ, ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು.

ಒಲೆಯನ್ನು ಮಂಟಪದಿಂದ ದೂರ ಹೂಡಿದಳು. ಉಂಡ ಮೇಲೆ ಮಡಕೆಯಲ್ಲಿ ಒಂದಗುಳೂ ಉಳಿಯದ ಹಾಗೆ ಬೂದಿ ಹಾಕಿ ತಿಕ್ಕಿದಳು. ಬೆಲ್ಲ ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆದಳು, ಗಂಡನಿಗೂ ತೊಳೆಯಲು ಹೇಳಿದಳು. ದಾರಿಯಾಚೆ ಎರಡು ಹೊಂಗೆ ಮರಗಳಿದ್ದವು. ಹಗ್ಗದ ತುದಿಗೆ ಕಲ್ಲು ಕಟ್ಟಿ ಒಂದರ ಕೊಂಬೆಯಿಂದ ಇನ್ನೊಂದರ ಕೊಂಬೆಗೆ ಎಸೆದು, ಬೆಲ್ಲದ ಗಂಟುಗಳನ್ನು ಎರಡು ಮರಗಳ ನಟ್ಟನಡುವೆ ಆಕಾಶಕ್ಕೆ ಏರಿಸಿ ಕಟ್ಟಿದಳು. ಬುಡದಿಂದ ಹತ್ತಿದರೂ ಕೈಗೆ ಎಟುಕಬಾರದು, ನೆಲದಲ್ಲಿ ನಿಂತರೂ ಎಟುಕಬಾರದು. ಗುಡ್ಡದ ಬುಡದಲ್ಲಿ ಹುಟ್ಟಿದ ಯಾವ ಹೆಣ್ಣಿಗೂ ಬರುವ ಕೆಲಸ ಅದು. ಹೊಳೆ ದಂಡೆಯ ಗಂಡಿಗೆ ತಿಳಿಯದು. ಅವನು ಅಲ್ಲಿಯವರೆಗೆ ಇಲಿಯಿಂದ ಗಂಟು ಕಾದಿದ್ದನೇ ಹೊರತು ಬೇರೆ ಯಾವುದರಿಂದಲೂ ಅಲ್ಲ.

"ಅಷ್ಟು ದೂರ ತಕ್ಕೊಂಡೋಗಿ ಯಾಕೆ ಕಟ್ಟಿದೆ?" ಎಂದು ಕೇಳಿದ.

"ಕಂಬ್ಳಿಬಾವ ಬತ್ತಾನೆ. ಬೆಲ್ಲ ಅಂದ್ರೆ ಪ್ರಾಣ ಅವುಂಗೆ. ಬಂದ್ರೆ ಅತ್ಲಾಗೇ ಓಗ್ಲಿ, ನಮ್ತಾವ್ಕೆ ಬರದು ಬ್ಯಾಡ."

ಚಿಕ್ಕಪ್ಪ ಆ ಎರಡು ಮಾತನ್ನು ಹಿಡಿದುಕೊಂಡ. ಕಂಬಳಿ, ಭಾವ. ಸೋದರತ್ತೆಯ ಮಗ ಭಾವನಲ್ಲದೆ ಇನ್ನೇನು?

"ಯಾರು? ಎಸ್ರೇಳು."

ಅವಳು ಬೆಚ್ಚಿ ತುಟಿಯ ಮೇಲೆ ಬೆರಳಿಟ್ಟಳು. "ದೀಪ ಅಚ್ಚೋ ಒತ್ತಾದ್ಮೇಲೆ ಅವನ ಎಸ್ರು ಎತ್ತಬಾರ್ದು. ಸುಮ್ಕಿರಿ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸಂಜೆಯ ಮೇಲೆ ಹಾವನ್ನು ಹುಳ ಎನ್ನುತ್ತೇವೆ, ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ ಎಂಬ ಹೆದರಿಕೆಗೆ. ಗುಡ್ಡದವರು ಕರಡಿಯನ್ನೂ ಹಾಗೇ ಕಾಣುತ್ತಾರೆ. ಮೈತುಂಬ ಕರಿಕೂದಲು ಹೊದ್ದವನು, ಮುನಿಸಿಕೊಂಡರೆ ಕಷ್ಟ, ಭಾವ ಎಂದು ಮರ್ಯಾದೆ ಕೊಟ್ಟರೆ ಅವನ ಪಾಡಿಗೆ ಹೋಗುತ್ತಾನೆ. ಹೊಳೆ ಬಯಲಲ್ಲಿ ಕರಡಿಯೇ ಇಲ್ಲ, ಇನ್ನು ಅದಕ್ಕೆ ಅಡ್ಡಹೆಸರು ಎಲ್ಲಿಂದ ಬರಬೇಕು? ಚಿಕ್ಕಪ್ಪನಿಗೆ ಗೊತ್ತಿದ್ದುದು ಒಂದೇ. ಹೆಂಗಸಾದವಳು ಬಾಯಲ್ಲಿ ಹೆಸರು ಎತ್ತದಿರುವುದು ಒಬ್ಬನದು ಮಾತ್ರ, ತಾಳಿ ಕಟ್ಟಿದ ಗಂಡನದು. ನನ್ನ ಹೆಂಡತಿ ಇನ್ನೊಬ್ಬನ ಹೆಸರನ್ನೂ ಎತ್ತುವುದಿಲ್ಲ ಎಂದರೆ ಅವನು ಇವಳಿಗೆ ಏನಾಗಬೇಕು?

ಕೆಂಚಯ್ಯನಾ ಎಂದು ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಬಗೆಹರಿಯುತ್ತಿತ್ತು. ಕೇಳಲಿಲ್ಲ. ಅನುಮಾನದವನಿಗೆ ಉತ್ತರ ಬೇಕಿರುವುದಿಲ್ಲ, ಅವನಿಗೆ ಸಾಕ್ಷಿ ಬೇಕು. ದೂರದ ಒಲೆ, ತಿಕ್ಕಿ ತೊಳೆದ ಕೈ, ಮರಕ್ಕೆ ತೂಗುಹಾಕಿದ ಬೆಲ್ಲ, ಎಲ್ಲವೂ ಅವನಿಗೆ ಸಾಕ್ಷಿಯಾಗಿಯೇ ಕಂಡವು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಅವಳು ಮಲಗಿದ ಮೇಲೆ ಮೆಲ್ಲಗೆ ಹೋಗಿ ಹಗ್ಗ ಬಿಚ್ಚಿ, ಗಂಟುಗಳನ್ನು ಹೊತ್ತು ತಂದು ತಲೆದಿಂಬು ಮಾಡಿಕೊಂಡ. ಕೈಗೊಂದು ದೊಣ್ಣೆ ಇಟ್ಟುಕೊಂಡ. ಬರಲಿ, ಈ ಕಂಬಳಿಭಾವ ನನ್ನ ತಲೆಯಡಿಯ ಬೆಲ್ಲವನ್ನು ಹೇಗೆ ತೆಗೆದುಕೊಂಡು ಹೋಗುತ್ತಾನೋ ನೋಡೋಣ. ಸಿಕ್ಕಿಬಿದ್ದರೆ ಇವಳನ್ನು ಅವನ ಜೊತೆಗೇ ಅಟ್ಟಿ ಒಬ್ಬನೇ ಊರಿಗೆ ಹೋಗುವುದು ಎಂದೂ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದ.

ನಸುಕಿನಲ್ಲಿ ಭಾವ ಬಂದ.

ಚಿಕ್ಕಪ್ಪ ಕಣ್ಣುಬಿಟ್ಟಾಗ ಕರಿಕಂಬಳಿಯೊಂದು ಬಗ್ಗಿ ಅವನ ತಲೆಯಡಿಯ ಗಂಟನ್ನು ಎಳೆಯುತ್ತಿತ್ತು. ಮಂಜು ಮುಸುಕಿದ ಬೆಳಕು, ಮುಖ ಕಾಣಲಿಲ್ಲ. ಮುಖ ನೋಡುವ ಅಗತ್ಯವೂ ಅವನಿಗಿರಲಿಲ್ಲ.

"ಲೇ ಕೆಂಚಯ್ಯ! ಸಿಕ್ದೇನ್ಲಾ! ಕೆಂಚಯ್ಯಾ!" ಎಂದು ಗುಡ್ಡ ಮಾರ್ದನಿಗೊಡುವ ಹಾಗೆ ಕಿರುಚಿ ದೊಣ್ಣೆ ಬೀಸಿದ.

ಕರಡಿ ಒಂದೇ ಏಟಿಗೆ ಅವನ ಕೆನ್ನೆಯನ್ನು ಕಿವಿಯಿಂದ ದವಡೆವರೆಗೆ ಸೀಳಿತು. ಚಿಕ್ಕಮ್ಮ ಎದ್ದವಳೇ ಒಲೆಯತ್ತ ಓಡಿ, ಬೂದಿಯಡಿ ಇನ್ನೂ ಕೆಂಡವಾಗಿದ್ದ ಕೊಳ್ಳಿ ಎಳೆದು ತಂದು ಅದರ ಮೂತಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಹಿತ್ತಾಳೆ ಚೊಂಬನ್ನು ಕಂಬಕ್ಕೆ ಬಡಿಯುತ್ತಾ ಊರಿನ ಕಡೆಗೆ ಕೂಗಿದಳು: "ಕಂಬ್ಳಿಬಾವ ಬಂದ್ಬುಟ್ಟ! ಬರ್ರಪ್ಪೋ, ಕಂಬ್ಳಿಬಾವ ಬಂದ್ಬುಟ್ಟ!" ಅದು ಒಂದು ಗಂಟನ್ನು ತಬ್ಬಿಕೊಂಡು ಬಂಡೆಗಳ ಸಂದಿಗೆ ಹೋಯಿತು.

ಊರವರು ಓಡಿ ಬಂದರು. ಕಂಬಳಿಭಾವ ಯಾವ ಕಡೆ ಹೋದ, ಮರಿ ಇತ್ತಾ, ಮೊನ್ನೆಯ ಕಂಬಳಿಭಾವನೇ ಇರಬೇಕು ಎಂದು ಗಂಡಸರು ಹೆಂಗಸರು ಎಲ್ಲರ ಬಾಯಲ್ಲೂ ಅದೇ ಮಾತು. ನೆತ್ತರಿನಲ್ಲಿ ಬಿದ್ದಿದ್ದ ಚಿಕ್ಕಪ್ಪ ಅದನ್ನೆಲ್ಲ ಕೇಳಿಸಿಕೊಂಡ. ಆಗ ಅವನಿಗೆ ಎಲ್ಲವೂ ತಿಳಿಯಿತು. ಆದರೆ ಚಿಕ್ಕಮ್ಮನಿಗೆ ಅದಕ್ಕೂ ಮೊದಲೇ ತಿಳಿದಿತ್ತು. ಮಲಗಿದ್ದವಳನ್ನು ಎಬ್ಬಿಸಿದ್ದೇ ಗಂಡ ಕೂಗಿದ ಹೆಸರು.

ಗಾಡಿ ಕಟ್ಟಿ ಅವನನ್ನು ಚನ್ನರಾಯಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದವನು ಕೆಂಚಯ್ಯನೇ. ತನ್ನ ಕಂಬಳಿಯನ್ನು ಅವನಿಗೇ ಹೊದಿಸಿದ್ದ. ದಾರಿಯಲ್ಲಿ ತಿರುಗಿ ನೋಡಿ ಹೇಳಿದ:

"ಅಣ್ಣ, ನೀನು ನನ್ನೆಸ್ರು ಕೂಗಿದ್ದು ನಮ್ಮನೆಗಂಟ ಕೇಳುಸ್ತು. ಅದುಕ್ಕೇ ಎಲ್ರಿಗಿಂತ ಮುಂದಾಗಿ ಓಡಿ ಬಂದೆ. ಕಷ್ಟುದಲ್ಲಿ ನನ್ನ ನೆಪ್ಪು ಮಾಡ್ಕಂಡಲ್ಲಣ್ಣ."

ಚಿಕ್ಕಪ್ಪ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಚಿಕ್ಕಮ್ಮ ರಸ್ತೆ ನೋಡುತ್ತಾ ಕುಳಿತಿದ್ದಳು.

ಆಸ್ಪತ್ರೆಯಲ್ಲಿ ಕಾಂಪೌಂಡರು, "ಗಂಡನ ಹೆಸರೇನಮ್ಮ?" ಎಂದು ಕೇಳಿದರು. ಇಂಥ ಹೊತ್ತಿನಲ್ಲಿ ಹೆಂಗಸರು ತಲೆ ತಗ್ಗಿಸಿ ಪಕ್ಕದವರ ಮುಖ ನೋಡುತ್ತಾರೆ, ಪಕ್ಕದವರು ಹೇಳುತ್ತಾರೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕೆಂಚಯ್ಯ ಬಾಯಿ ತೆರೆದ.

"ನೀನ್ ಸುಮ್ಕಿರು ಬಾವ," ಎಂದಳು ಚಿಕ್ಕಮ್ಮ. ಕಾಂಪೌಂಡರ ಮುಖವನ್ನು ನೇರವಾಗಿ ನೋಡಿ ಹೇಳಿದಳು: "ಗುಂಡಯ್ಯ."

ಹೊಲಿಗೆ ಹಾಕುವಾಗಲೂ ಅಳದವನು ಆಗ ಅತ್ತನಂತೆ.

ಅವಳು ಅವನನ್ನು ಬಿಟ್ಟು ಹೋಗಲಿಲ್ಲ. ಗಾಯ ತೊಳೆದಳು, ಗಂಜಿ ಕುಡಿಸಿದಳು, ನಮ್ಮೂರಿಗೆ ಬಂದು ಸಂಸಾರ ಮಾಡಿದಳು, ಮಕ್ಕಳನ್ನೂ ಹೆತ್ತಳು. ಆದರೆ ಬಹುವಚನ ಹೋಯಿತು. "ಗುಂಡಯ್ಯ, ಉಣ್ಣಕ್ಕೆ ಬಾ." "ಗುಂಡಯ್ಯ, ಎಮ್ಮೆ ಕಟ್ಟಾಕು." ಕೇರಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು, ಅತ್ತೆ ಗದರಿಸಿ ನೋಡಿದಳು. ಅವಳು ಹಾಗೇ ಕರೆಯುತ್ತಾ ಹೋದಳು. ಇತ್ತ ಮಕ್ಕಳು ಸಂಜೆ ಹೊತ್ತು ಆಟಕ್ಕೆ ಕರಡಿ ಎಂದರೆ ಮಾತ್ರ, "ಅವನ ಎಸ್ರು ಎತ್ಬ್ಯಾಡ್ರೋ" ಎಂದು ಗದರುವಳು. ಆ ಮಾತು ಬಿದ್ದಾಗಲೆಲ್ಲ ಚಿಕ್ಕಪ್ಪನ ಮುಖ ನೋಡಬೇಕಿತ್ತು. ಕಾಡಿನ ಒಂದು ಮೃಗದ ಮೇಲೆ ಅಷ್ಟು ಉರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಅರವತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ನಾನು ಅವರ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದೆ. ನಾನಿರುವುದನ್ನೂ ಮರೆತು ಚಿಕ್ಕಪ್ಪ ಅವಳನ್ನು ಬೇಡಿಕೊಂಡ.

"ಮಲ್ಲೀ, ಎಲ್ಲಾರ ಎಂಡ್ರಂಗೆ ನೀನೂ ಒಂದ್ಸಲ ಎಸ್ರು ಎತ್ತದಂಗೆ ಕರಿಯೇ. ಸಾಯಕ್ಮುಂಚೆ ಒಂದ್ಸಲ."

ಚಿಕ್ಕಮ್ಮ ಮುದ್ದೆ ಕಟ್ಟಿ ಅವನ ತಟ್ಟೆಗೆ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಪ್ರಾಣ ಓಗೋ ಒತ್ನಲ್ಲಿ ನಿನ್ನ ಪಕ್ಕುದಲ್ಲೇ ಮನಿಕ್ಕಂಡಿದ್ದೋಳು ನಾನು. ನೀನು ಕೂಗಿದ್ದು ಯಾರೆಸ್ರು, ಗುಂಡಯ್ಯ?"

ಅವನು ತಟ್ಟೆ ನೋಡುತ್ತಾ ಕುಳಿತ. ಅವಳು ಸಾರು ಬಡಿಸಿದಳು.